ಎರಡಕ್ಷರದ ಕ್ಷಮೆ

ತೀರ್ಥಹಳ್ಳಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆಯಬೇಕು ಎನ್ನುವುದರಲ್ಲಿ ನಮ್ಮ ಕಚೇರಿಯಲ್ಲಿ ಯಾರಿಗೂ ಒಮ್ಮತವಿಲ್ಲ. ಒಬ್ಬರು ‘ಟಿ’ ಆದಮೇಲೆ ‘ಎಚ್’, ‘ಐ’ ಹಾಕುತ್ತಾರೆ, ಇನ್ನೊಬ್ಬರು ಅದೇ ಜಾಗದಲ್ಲಿ ಎರಡು ‘ಇ’ ಕೂರಿಸುತ್ತಾರೆ. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ಕೊನೆಯ ವಾರದಲ್ಲಿ, ಮಾರಾಟ ವಿಭಾಗದ ಹುಡುಗ ಅಲ್ಲಿ ಉಳಿದುಕೊಂಡಿದ್ದ ವಸತಿಗೃಹದ ಬಿಲ್ ಬೇಕಾಯಿತು. ಅವನು ‘ಎಚ್’ ಹಾಕಿ ಸೇರಿಸಿದ್ದ, ನಾನು ಎರಡು ‘ಇ’ ಹಾಕಿ ಹುಡುಕಿದೆ. ರೆಪ್ಪೆ ಬಡಿಯುವುದರೊಳಗೆ ಬಿಲ್ ಕಣ್ಣೆದುರಿಗಿತ್ತು. ಅದನ್ನೇ ಖರ್ಚಿನ ತಂತ್ರಾಂಶಕ್ಕೆ ಕೊಟ್ಟಾಗ ಅದು ಒಪ್ಪಲಿಲ್ಲ. ಜಿಎಸ್‌ಟಿ ಸಂಖ್ಯೆಯಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು.

ಎರಡಕ್ಷರದ ತಪ್ಪನ್ನು ಮನ್ನಿಸಿದ ತಂತ್ರಾಂಶ ಒಂದು, ಒಂದಕ್ಷರವನ್ನೂ ಬಿಟ್ಟುಕೊಡದ ತಂತ್ರಾಂಶ ಇನ್ನೊಂದು. ಎರಡೂ ಒಂದೇ ಮೇಜಿನ ಮೇಲೆ, ಒಂದೇ ಬಿಲ್ಲಿನ ಮುಂದೆ. ತಂತ್ರಾಂಶ ಕೊಳ್ಳುವ ಸಭೆಗಳಲ್ಲಿ ಬೆಲೆ, ಸೌಲಭ್ಯ, ಬಳಕೆದಾರರ ಸಂಖ್ಯೆಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಆ ಪಟ್ಟಿಗಳು ಬೇಕು. ಆದರೆ ಈ ಉಪಕರಣಗಳ ನಿಜವಾದ ಸೊಗಸು ಅವುಗಳ ಸ್ವಭಾವದಲ್ಲಿದೆ. ಅದನ್ನು ಸವಿಯಬೇಕಾದರೆ ಒಂದೊಂದರ ಹತ್ತಿರವೂ ಸ್ವಲ್ಪ ಹೊತ್ತು ಕೂರಬೇಕು.

ಹುಡುಕುವ ಉಪಕರಣದ ಹತ್ತಿರ ಮೊದಲು ಕೂರೋಣ. ಇಂದು ಅಸಂಖ್ಯಾತ ಕಚೇರಿಗಳ ಹುಡುಕಾಟದ ತಳದಲ್ಲಿರುವುದು ಡಗ್ ಕಟಿಂಗ್ 1999ರಲ್ಲಿ ಬರೆದ ಲ್ಯೂಸೀನ್. ತನ್ನ ಹೆಂಡತಿಯ ಹೆಸರಿನ ನಡುವಿನ ಪದವನ್ನೇ ಅವನು ಅದಕ್ಕೆ ಇಟ್ಟ. ಅದರ ಮೇಲೆ ಕಟ್ಟಿದ ಇಲಾಸ್ಟಿಕ್‌ಸರ್ಚ್ 2010ರಲ್ಲಿ ಬಂತು. ಅದರ ಬೇರು ಒಂದು ಅಡುಗೆಮನೆಯಲ್ಲಿದೆ. ಅದನ್ನು ಕಟ್ಟಿದ ಶೇ ಬ್ಯಾನನ್‌ನ ಹೆಂಡತಿ ಲಂಡನ್ನಿನಲ್ಲಿ ಅಡುಗೆ ಕಲಿಯುತ್ತಿದ್ದರು. ಅವರ ಪಾಕವಿಧಾನಗಳನ್ನು ಸಲೀಸಾಗಿ ಹುಡುಕಿಕೊಡಲೆಂದು ಅವನು ಬರೆಯಲು ಕೂತ ಕೆಲಸವೇ ಮುಂದೆ ಈ ರೂಪಕ್ಕೆ ಬೆಳೆಯಿತು.

ಒಳಗಿನ ಜೋಡಣೆ ನಮಗೆ ಹೊಸದೇನಲ್ಲ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಹಾಗೆ ಯಾವ ಪದ ಯಾವ ಯಾವ ದಾಖಲೆಯಲ್ಲಿದೆ ಎಂದು ಲ್ಯೂಸೀನ್ ಮೊದಲೇ ಬರೆದಿಟ್ಟುಕೊಂಡಿರುತ್ತದೆ. ನಾವು ಕೇಳಿದಾಗ ಅದು ದಾಖಲೆಗಳನ್ನು ಓದುತ್ತಾ ಕೂರುವುದಿಲ್ಲ, ಸೂಚಿಯನ್ನು ತೆರೆಯುತ್ತದೆ, ಅಷ್ಟೇ.

ಸಿಕ್ಕಿದ್ದರಲ್ಲಿ ಯಾವುದು ಮೇಲೆ ಬರಬೇಕು? ಸಂತೆಯಲ್ಲಿ ನಿಂತು ‘ಅಣ್ಣಾ’ ಎಂದು ಕೂಗಿದರೆ ನೂರು ಜನ ತಿರುಗುತ್ತಾರೆ, ‘ಪುಟ್ಟಸ್ವಾಮಣ್ಣಾ’ ಎಂದರೆ ಒಬ್ಬನೋ ಇಬ್ಬರೋ. ಅಪರೂಪದ ಪದಕ್ಕೇ ತೂಕ ಹೆಚ್ಚು. ಈ ತಿಳಿವನ್ನು ಲೆಕ್ಕದ ಸೂತ್ರವಾಗಿಸಿ 1972ರಲ್ಲಿ ಪ್ರಕಟಿಸಿದವರು ಕೇಂಬ್ರಿಜ್‌ನ ವಿದುಷಿ ಕರೆನ್ ಸ್ಪಾರ್ಕ್ ಜೋನ್ಸ್. ನಮ್ಮ ಕಚೇರಿಯ ಪ್ರತಿ ಕಾಗದದಲ್ಲೂ ‘ಬಿಲ್’ ಇದೆ, ‘ತೀರ್ಥಹಳ್ಳಿ’ ಇರುವುದು ಎಲ್ಲೋ ನಾಲ್ಕರಲ್ಲಿ. ಆ ನಾಲ್ಕು ತಾವಾಗಿ ಮೇಲೆ ತೇಲುವುದು ಆ ತಾಯಿಯ ಸೂತ್ರದಿಂದ.

ಇನ್ನು ಕ್ಷಮೆಯ ವಿಷಯ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವ ಕ್ರಮವನ್ನು ರಷ್ಯಾದ ಲೆವೆನ್‌ಷ್ಟೈನ್ 1965ರಲ್ಲಿ ಕೊಟ್ಟ. ಇಲಾಸ್ಟಿಕ್‌ಸರ್ಚ್‌ನಲ್ಲಿ ಈ ಸಡಿಲಿಕೆಯನ್ನು ‘ಆಟೋ’ಗೆ ಬಿಟ್ಟರೆ ಎರಡಕ್ಷರದವರೆಗಿನ ಪದಕ್ಕೆ ರಿಯಾಯಿತಿ ಇಲ್ಲ, ಮೂರರಿಂದ ಐದಕ್ಷರಕ್ಕೆ ಒಂದು ತಪ್ಪು ಮಾಫಿ, ಅದಕ್ಕೂ ಉದ್ದವಾದರೆ ಎರಡು. ಪ್ಯಾರಿಸ್ಸಿನಲ್ಲಿ 2012ರಲ್ಲಿ ಹುಟ್ಟಿದ ಆಲ್ಗೋಲಿಯಾ ಇನ್ನೂ ಸ್ವಲ್ಪ ಬಿಗಿ: ಮೊದಲ ತಪ್ಪಿಗೆ ನಾಲ್ಕಕ್ಷರವಾದರೂ ಬೇಕು, ಎರಡನೆಯದಕ್ಕೆ ಎಂಟು. ಪದದ ಮೊದಲ ಅಕ್ಷರವೇ ತಪ್ಪಿದರೆ ಅದನ್ನು ಎರಡು ತಪ್ಪೆಂದು ಎಣಿಸುತ್ತದೆ. ಅವಸರದಲ್ಲಿ ಬೆರಳು ಜಾರುವುದು ಸಾಮಾನ್ಯವಾಗಿ ಪದದ ನಡುವೆ, ಶುರುವಿನಲ್ಲಿ ಅಪರೂಪ ಎಂದು ಗಮನಿಸಿದವರು ಮಾಡಿದ ನಿಯಮ ಅದು. ಶ್ರೇಯಾಂಕದಲ್ಲೂ ಎರಡರ ದಾರಿ ಬೇರೆ. ಇಲಾಸ್ಟಿಕ್‌ಸರ್ಚ್ ಎಲ್ಲ ಗುಣಗಳನ್ನೂ ಕೂಡಿಸಿ ಒಂದು ಅಂಕ ಕೊಡುತ್ತದೆ. ಆಲ್ಗೋಲಿಯಾ ಜರಡಿಗಳನ್ನು ಒಂದರ ಕೆಳಗೊಂದು ಇಟ್ಟಂತೆ ಮೊದಲು ತಪ್ಪಿನ ಲೆಕ್ಕ, ಆಮೇಲೆ ಪದಗಳ ಸಾಮೀಪ್ಯ ಎಂದು ಒಂದೊಂದಾಗಿ ಸೋಸುತ್ತದೆ. ಒಂದರದು ಹದವಾಗಿ ಬೆರೆತ ಸಾರಿನ ರುಚಿ, ಇನ್ನೊಂದರದು ಸೋಸಿ ತೆಗೆದ ತಿಳಿಯ ರುಚಿ.

ಕನ್ನಡದಲ್ಲೇ ಹುಡುಕಿದರೆ ಈ ಕ್ಷಮೆಯ ಗಡಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕಂಪ್ಯೂಟರು ನಮ್ಮ ವ್ಯಂಜನವನ್ನೂ ಅದರ ಸ್ವರಚಿಹ್ನೆಯನ್ನೂ ಬೇರೆ ಬೇರೆ ಎಣಿಸುತ್ತದೆ. ‘ತೀರ್ಥಹಳ್ಳಿ’ ಎಂದು ಕೇಳಿದರೆ ‘ತೀರ್ಥಹಳ್ಳಿಗೆ’ ಎರಡೇ ಹೆಜ್ಜೆ ದೂರ, ಹಾಗಾಗಿ ಸಿಗುತ್ತದೆ. ‘ತೀರ್ಥಹಳ್ಳಿಯಿಂದ’ ನಾಲ್ಕು ಹೆಜ್ಜೆ ದೂರ, ಆದ್ದರಿಂದ ಸಿಗುವುದಿಲ್ಲ. ನಮ್ಮ ವಿಭಕ್ತಿಗಳನ್ನು ತಪ್ಪೆಂದು ಮನ್ನಿಸಿದರೆ ಸಾಲದು, ವಿಭಕ್ತಿಯೆಂದು ಗುರುತಿಸಬೇಕು. ಪ್ರತ್ಯಯ ಕಳಚಿ ಮೂಲಪದ ತೋರಿಸುವ ವ್ಯಾಕರಣದ ಕೆಲಸವನ್ನು ನಾವು ಅದಕ್ಕೆ ಕೂಡಿಸಿಕೊಡಬೇಕು. ಆ ಕೆಲಸ ಅಚ್ಚುಕಟ್ಟಾಗಿ ಆಗಲಿ ಎನ್ನುವುದು ನನ್ನ ಮನಸ್ಸಿನ ಆಸೆ.

ಈಗ ಮೇಜಿನ ಇನ್ನೊಂದು ಬದಿಗೆ ಬರೋಣ. ಲೆಕ್ಕದ ತಂತ್ರಾಂಶ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಬೆಂಗಳೂರಿನ ಟ್ಯಾಲಿ. ‘ಲೆಕ್ಕ ತಾಳೆಯಾಯಿತೇ’ ಎಂದು ಕೇಳುತ್ತ ಬೆಳೆದ ಕಿವಿಗೆ ಆ ಹೆಸರು ಮೊದಲಿನಿಂದಲೂ ನಮ್ಮದೇ ಅನ್ನಿಸಿದೆ. ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಹೊಂದುವ ತಂತ್ರಾಂಶ ಸಿಗದೆ ಮಗ ಭರತ್‌ಗೆ ಬರೆಯಲು ಹೇಳಿದರು. 1986ರಲ್ಲಿ ಶುರುವಾದ ಆ ಕೆಲಸದ ದೊಡ್ಡ ಗುಣವೆಂದರೆ ಖಾತೆಗಳಿಗೆ ಸಂಕೇತಸಂಖ್ಯೆ ಬೇಡವೆಂದದ್ದು. ಗುಮಾಸ್ತರು ಖಾತಾವಹಿಯಲ್ಲಿ ಬರೆಯುತ್ತಿದ್ದಂತೆ ‘ಪ್ರಯಾಣ ಖರ್ಚು’, ‘ಬಾಡಿಗೆ’ ಎಂದು ಹೆಸರಿನಿಂದಲೇ ಬರೆಯಬಹುದಾಯಿತು.

ಟ್ಯಾಲಿಯಲ್ಲಿ ಎಫ್7 ಒತ್ತಿ ಜರ್ನಲ್ ಓಚರು ಬರೆಯುವುದನ್ನು ಪಳಗಿದ ಕೈಯಲ್ಲಿ ನೋಡಬೇಕು. ಮೌಸ್ ಮುಟ್ಟುವುದಿಲ್ಲ, ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ. ಖರ್ಚು ಮತ್ತು ಜಮೆ ಸರಿಸಮ ಆಗುವವರೆಗೆ ಪರದೆ ಮುಂದಿನ ಸಾಲು ಕೇಳುತ್ತಲೇ ಇರುತ್ತದೆ. ಒಂದು ಪೈಸೆ ಉಳಿದರೂ ಓಚರು ಮುಗಿಯದು. ಬೈಯದೆ, ಅವಸರಿಸದೆ, ಸುಮ್ಮನೆ ಕಾಯುವ ಈ ನಿಷ್ಠುರತೆ ನನಗೆ ತುಂಬ ಇಷ್ಟ. ಅದರ ಮುಂದೆ ಕೂತವರಿಗೆ ಕ್ರಮ ತಾನಾಗಿ ಮೈಗೂಡುತ್ತದೆ.

ಖರ್ಚು ನಿರ್ವಹಿಸುವ ಉಪಕರಣಗಳು ಈ ಶಿಸ್ತನ್ನು ಪ್ರಯಾಣಿಕನ ಜೇಬಿನವರೆಗೆ ತಂದಿವೆ. 2008ರಲ್ಲಿ ಶುರುವಾದ ಎಕ್ಸ್‌ಪೆನ್ಸಿಫೈ ರಸೀತಿಯ ಫೋಟೋದಿಂದಲೇ ಅಂಗಡಿ, ದಿನಾಂಕ, ಮೊತ್ತ ಓದಿಕೊಳ್ಳುತ್ತದೆ. 1993ರಲ್ಲಿ ಹುಟ್ಟಿ 2014ರಲ್ಲಿ ಎಸ್‌ಎಪಿಯ ಪಾಲಾದ ಕಾನ್ಕರ್‌ನಲ್ಲಿ ಹೋಟೆಲ್ ಬಿಲ್ಲನ್ನು ರಾತ್ರಿಗಿಷ್ಟು ಬಾಡಿಗೆ, ಇಷ್ಟು ತೆರಿಗೆ, ಇಷ್ಟು ಊಟ ಎಂದು ಬಿಡಿಸಿ ಬರೆಯಬೇಕು. ಒಂದು ಹೊರೆ ಇಳಿಸುತ್ತದೆ, ಇನ್ನೊಂದು ವಿವರ ಕೇಳುತ್ತದೆ. ದಿನಕ್ಕೆ ಹತ್ತು ಚಿಕ್ಕ ರಸೀತಿ ತರುವವರಿಗೆ ಮೊದಲನೆಯದು ಒಗ್ಗುತ್ತದೆ, ವಾರಗಟ್ಟಲೆ ಪರವೂರಿನಲ್ಲಿ ಉಳಿಯುವವರ ಕಂಪನಿಗೆ ಎರಡನೆಯದು.

ನಮ್ಮ ಬಿಲ್ ನಿಂತುಹೋದ ಜಿಎಸ್‌ಟಿ ಸಂಖ್ಯೆಯನ್ನೇ ನೋಡಿ, ಎಷ್ಟು ಚಂದದ ರಚನೆ! ಒಟ್ಟು 15 ಸ್ಥಾನ. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಕೊನೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ತೆಗೆದದ್ದು, ಇಡೀ ಸಾಲಿನ ಕಾವಲುಗಾರ. ಎಲ್ಲಿ ಒಂದಕ್ಷರ ಬದಲಾದರೂ ಅದು ತಾಳೆಯಾಗುವುದಿಲ್ಲ. ಊರಿನ ಹೆಸರಲ್ಲಿ ಎರಡಕ್ಷರ ಆಚೀಚೆಯಾದರೂ ಊರು ಅದೇ. ಇಲ್ಲಿ ಹಾಗಲ್ಲ, ಒಂದಕ್ಷರ ಬದಲಾದರೆ ಅದು ಯಾವ ವ್ಯಾಪಾರಿಯ ಸಂಖ್ಯೆಯೂ ಅಲ್ಲ. ಕ್ಷಮಿಸದಿರುವುದೇ ಇಲ್ಲಿ ಧರ್ಮ.

ತಪ್ಪನ್ನು ತಿದ್ದುವುದಕ್ಕೂ ಈಗ ಒಂದು ಶಿಸ್ತಿದೆ. ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತ ಎನ್ನುತ್ತೇವೆ. ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿದ ಮಡಿಕೆ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಪುಸ್ತಕ ಮೊದಲಿನ ಕಡತ. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದಿವೆ. ಆ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಈಗ ಕಾಲ ತಿರುಗಿದೆ. 2023ರ ಏಪ್ರಿಲ್ 1ರಿಂದ ನಮ್ಮ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಂದಿಗೆ ದಾಖಲಿಸಲೇಬೇಕು. ಹಳೆಯ ಗುಮಾಸ್ತರು ತಪ್ಪನ್ನು ಕೆರೆದು ಅಳಿಸುತ್ತಿರಲಿಲ್ಲ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತಿದ್ದರು. ಆ ಮರ್ಯಾದೆ ಈಗ ಕಾನೂನಾಗಿದೆ.

ಹುಡುಗನನ್ನು ಕರೆದೆ. “ಸಾರ್, ಬರೆಯುವಾಗ ಎಂಟು ಮೂರರಂತೆ ಕಂಡಿತು” ಎಂದ. “ಆಗಲಿ ಮಾರಾಯ, ವಸತಿಗೃಹದವರಿಗೊಮ್ಮೆ ಫೋನ್ ಮಾಡಿ ಕೇಳು” ಎಂದೆ. ಮಧ್ಯಾಹ್ನದೊಳಗೆ ಸರಿಯಾದ ಸಂಖ್ಯೆ ಬಂತು. ಬಿಲ್ ಪಾಸಾಯಿತು, ಅವನ ದುಡ್ಡು ಅವನ ಖಾತೆಗೆ ಹೋಯಿತು. ತಂತ್ರಾಂಶದ ದಾಖಲೆಯಲ್ಲಿ ಮೊದಲಿನ ಮೂರೂ ಇದೆ, ಆಮೇಲಿನ ಎಂಟೂ ಇದೆ. ಆ ಊರಿನ ಹೆಸರನ್ನು ‘ಎಚ್’ ಹಾಕಿ ಹುಡುಕಿದರೂ, ಎರಡು ‘ಇ’ ಹಾಕಿ ಹುಡುಕಿದರೂ ಮೊದಲು ಮೇಲೆ ಬರುವುದು ಅದೇ ಬಿಲ್.