ಕೊಯ್ಯದೆ ಕಾಣುವ ವಿದ್ಯೆ

ಹಾಸನ ಜಿಲ್ಲೆ ಆಲೂಗಡ್ಡೆಗೆ ಹೆಸರುವಾಸಿ. ಗಡ್ಡೆಯ ತೂಕದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನೀರು. ವಿಪರೀತ ಬಿಸಿ ತಾಗಿದಾಗ ಆ ನೀರಿನ ನೆಲೆಗಳೇನಾಗುತ್ತವೆ? ಕೊಯ್ದು ನೋಡಿದರೆ ಕೊಯ್ತವೇ ಹೊಸ ಗಾಯ. ಪರಮಾಣು ಬೀಜದ ಕಾಂತೀಯ ಅನುರಣನ (ಎನ್‌ಎಂಆರ್) ಕೊಯ್ಯದೆಯೇ ತೋರಿಸುತ್ತದೆ; ನನಗೆ ಅದರ ಮೇಲೆ ಅಪಾರ ಮೆಚ್ಚುಗೆ ಇರುವುದು ಇದಕ್ಕೇ.

ಕಾಂತಕ್ಷೇತ್ರದಲ್ಲಿಟ್ಟ ಗಡ್ಡೆಗೆ ರೇಡಿಯೋ ತರಂಗ ತಾಗಿಸಿದರೆ ನೀರಿನ ಹೈಡ್ರೋಜನ್ ಸಂಕೇತ ಕೊಡುತ್ತದೆ. ಕೋಶದೊಳಗಿನ ರಸದಾನಿಯ (ವ್ಯಾಕ್ಯೂಲ್) ಸಡಿಲ ನೀರಿನ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆ. ಕೋಶರಸದ್ದು ಬೇಗ, ಕೋಶಭಿತ್ತಿಯದು ಇನ್ನೂ ಬೇಗ ಅಡಗುತ್ತದೆ. ಬಿಸಿಗೆ ಒಳಪೊರೆಗಳು ಹರಿದರೆ ನೀರು ಬೆರೆಯುತ್ತದೆ, ಬೇರೆಬೇರೆಯಾಗಿದ್ದ ಸಂಕೇತದ ಅವಧಿಗಳು ಒಂದರಲ್ಲೊಂದು ಕರಗುತ್ತವೆ. ಹೊರಗೆ ಗಡ್ಡೆ ಚೆನ್ನಾಗಿಯೇ ಕಂಡರೂ ಒಳಗಿನ ಹಾನಿ ಬಯಲಾಗುತ್ತದೆ.

ಈ ವಿದ್ಯೆಗೆ ಕನ್ನಡ ನಾಡಿನ ನಂಟು ಹಳೆಯದು. ಭೌತವಿಜ್ಞಾನಿಗಳಾದ ಬ್ಲಾಕ್ ಮತ್ತು ಪರ್ಸೆಲ್ ಅವರ ತಂಡಗಳು 1946ರಲ್ಲಿ ಅನುರಣನವನ್ನು ಪ್ರಕಟಿಸಿದವು. ಐದೇ ವರ್ಷದಲ್ಲಿ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳ ಅನುರಣನದ ಬಗ್ಗೆ ಪ್ರಬಂಧ ಪ್ರಕಟಿಸಿದರು.

ಬಿಸಿಲು ಏರುತ್ತಿರುವ ಈ ಕಾಲದಲ್ಲಿ ತಾಪ ತಡೆಯುವ ತಳಿಗಳನ್ನು ಆರಿಸಲು ಇಂಥ ಸೂಕ್ಷ್ಮ ಸಾಧನ ಬೇಕು. ನಮ್ಮ ಕೃಷಿ ಸಂಶೋಧಕರು ಇದನ್ನು ಹಾಸನದ ಹೊಲಗಳ ಹಿತಕ್ಕೂ ದುಡಿಸಿಕೊಳ್ಳಲಿ.