ತಲೆ ಮೇಲಾದ ಶಿಶುವಿನ ಪ್ರಸವ: ಒಂದು ತೀರ್ಪಿನ ವಿಮರ್ಶೆ

ತಿಂಗಳು ತುಂಬಿದ ಗರ್ಭಗಳಲ್ಲಿ ನೂರಕ್ಕೆ ಮೂರು ನಾಲ್ಕರಲ್ಲಿ ಶಿಶುವು ತಲೆ ಮೇಲಾಗಿ, ಪೃಷ್ಠವೋ ಕಾಲೋ ಕೆಳಗಾಗಿ ನಿಂತಿರುವುದು. ಇದನ್ನು ವೈದ್ಯರು ಬ್ರೀಚ್ ಎನ್ನುವರು. ಶರೀರದಲ್ಲೆಲ್ಲ ದೊಡ್ಡದೂ ಗಡುಸೂ ಆದ ತಲೆಯು ಕಡೆಗೆ ಹೊರಬರಬೇಕಾದುದರಿಂದ, ಅದು ತಡೆದರೆ ಹೊಕ್ಕುಳಬಳ್ಳಿ ಅದುಮಲ್ಪಟ್ಟು ಶಿಶುವಿಗೆ ಪ್ರಾಣವಾಯು ತಪ್ಪುವ ಭಯವುಂಟು. ಸಹಜ ಹೆರಿಗೆಯೋ ಸಿಸೇರಿಯನ್ ಶಸ್ತ್ರಕ್ರಿಯೆಯೋ ಎಂಬ ಹಳೆಯ ವಿವಾದವನ್ನು 2000ದಲ್ಲಿ ಮೇರಿ ಹನ್ನಾ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವು ಮುಗಿಸಿತೆಂದು ಬಹುಮಂದಿ ಭಾವಿಸಿದರು. ಆ ಭಾವನೆ ಎಷ್ಟರಮಟ್ಟಿಗೆ ಯುಕ್ತವೆಂಬುದೇ ಇಲ್ಲಿಯ ವಿಚಾರ.

ಪ್ರಯೋಗದ ಗುಣವನ್ನು ಮೊದಲು ಹೇಳುವುದು ನ್ಯಾಯ. 26 ದೇಶಗಳ 121 ಆಸ್ಪತ್ರೆಗಳಲ್ಲಿ 2,088 ಗರ್ಭಿಣಿಯರನ್ನು, ಚೀಟಿಯೆತ್ತಿದಂತೆ, ಎರಡು ಪಂಗಡಗಳಾಗಿ ಹಂಚಲಾಯಿತು. ಶಿಶುವಿನ ಮರಣ ಅಥವಾ ತೀವ್ರ ಅಪಾಯವು ಶಸ್ತ್ರಕ್ರಿಯೆಯ ಪಂಗಡದಲ್ಲಿ ಶೇಕಡಾ 1.6, ಸಹಜ ಹೆರಿಗೆಯ ಪಂಗಡದಲ್ಲಿ ಶೇಕಡಾ 5.0. ಈ ಅಂತರವನ್ನು ಅಲ್ಲಗಳೆಯಲಾಗದು.

ಆದರೆ ಅದೇ ಲೇಖನವು ಕೊಡುವ ವಿಭಾಗವನ್ನು ನೋಡಿದರೆ ತೀರ್ಪು ಅಷ್ಟು ಸರಳವಲ್ಲ. ಶಿಶುಮರಣ ಕಡಮೆಯಿರುವ ದೇಶಗಳಲ್ಲಿ ಈ ಅಂಕಗಳು 0.4 ಮತ್ತು 5.7, ಹೆಚ್ಚಿರುವ ದೇಶಗಳಲ್ಲಿ 2.9 ಮತ್ತು 4.4. ಎರಡನೆಯ ಅಂತರವು ಆಕಸ್ಮಿಕವಲ್ಲವೆಂದು ಸಾಧಿಸಲು ಸಾಲದು. ಮೇಲಾಗಿ 2004ರಲ್ಲಿ, ಎರಡು ವರ್ಷ ತುಂಬಿದ ಮಕ್ಕಳಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ, ಮರಣ ಇಲ್ಲವೆ ಬೆಳವಣಿಗೆಯ ಕುಂದು ಶಸ್ತ್ರಕ್ರಿಯೆಯ ಪಂಗಡದಲ್ಲಿ 3.1, ಇನ್ನೊಂದರಲ್ಲಿ 2.8 ಆಗಿತ್ತು. 2006ರಲ್ಲಿ ಫ್ರಾನ್ಸು, ಬೆಲ್ಜಿಯಮ್‌ಗಳ 8,105 ಸ್ತ್ರೀಯರ ಸಮೀಕ್ಷೆಯು, ತಕ್ಕವರನ್ನು ಆರಿಸಿ ಎಡೆಬಿಡದೆ ಕಾದರೆ ಎರಡು ಮಾರ್ಗಗಳಿಗೂ ಗಣನೀಯ ಭೇದವಿಲ್ಲವೆಂದಿತು. ಆದುದರಿಂದ ಅಪಾಯವು ಮಾರ್ಗವನ್ನು ಮಾತ್ರವೇ ಅಲ್ಲದೆ ಕೈಗಳ ನೈಪುಣ್ಯವನ್ನೂ ಅವಲಂಬಿಸಿದೆ.

ಗೋಕಾಕ ಫಾಲ್ಸ್‌ನಂತಹ ಊರಿಗೆ ಈ ಮಾತು ವಿಶೇಷವಾಗಿ ಸಲ್ಲುವುದು. ಗಿರಣಿಯ ಸುತ್ತ ಬೆಳೆದ ಈ ಊರಿಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಗಳು ಸುಮಾರು 60 ಕಿಲೋಮೀಟರು ದೂರ. ಮೊದಲೇ ತಿಳಿಯದ ಬ್ರೀಚ್, ನೋವು ಬಲಿತ ಮೇಲೆ ಬಾಗಿಲಿಗೆ ಬಂದಾಗ, ಆರಿಸಲು ಅವಕಾಶವೇ ಇರದು. 'ಎಲ್ಲರಿಗೂ ಶಸ್ತ್ರಕ್ರಿಯೆ' ಎಂಬ ನಿಯಮದಿಂದ ವೈದ್ಯರೂ ದಾದಿಯರೂ ಹಳೆಯ ಹಸ್ತಕೌಶಲವನ್ನು ಮರೆತರೆ, ನಷ್ಟ ಹೊಂದುವವರು ಇಂತಹ ತಾಯಂದಿರೇ. ಇನ್ನು ಗರ್ಭಕೋಶದ ಮೇಲಿನ ಗಾಯದ ಕಲೆಯು ಮುಂದಿನ ಬಸಿರಿನಲ್ಲಿ ಮಾಸು ಅಂಟಿಕೊಳ್ಳುವ, ಗರ್ಭಕೋಶ ಸೀಳುವ ಭಯವನ್ನು ಹೆಚ್ಚಿಸುವುದು. 2000ದ ಲೇಖನವು ತಾಯಿಯನ್ನು ಅಳೆದುದು ಹೆರಿಗೆಯಾದ ಆರು ವಾರಗಳವರೆಗೆ ಮಾತ್ರ.

ಸ್ಥಳೀಯ ಸಾಧನದಿಂದಲೇ ಉತ್ತರ ಹುಡುಕಬಹುದೆಂಬುದಕ್ಕೆ ಬೆಳಗಾವಿ ಜಿಲ್ಲೆಯೇ ನಿದರ್ಶನ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲ್ಲಿಯ ಹಳ್ಳಿಗಳ ಸಹಾಯಕ ದಾದಿಯರು 1,620 ಬಾಣಂತಿಯರಲ್ಲಿ ಕೆಲವರಿಗೆ ಮಿಸೋಪ್ರೊಸ್ಟಾಲ್ ಗುಳಿಗೆಯನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ಹೆರಿಗೆಯ ನಂತರದ ರಕ್ತಸ್ರಾವವು ಔಷಧವಿಲ್ಲದವರಲ್ಲಿ ಶೇಕಡಾ 12.0, ಔಷಧ ಪಡೆದವರಲ್ಲಿ 6.4. ಬ್ರೀಚಿಗೂ ಅದೇ ದಾದಿಯರ ಕೈ ಮೊದಲ ಸಾಧನ: 36ನೆಯ ವಾರದಲ್ಲಿ ಹೊಟ್ಟೆ ಮುಟ್ಟಿ ತಲೆಯ ಸ್ಥಾನವನ್ನು ತಿಳಿಯುವುದು, ಸಂಶಯವಿದ್ದರೆ ಸ್ಕ್ಯಾನಿಂಗಿಗೆ ಕಳುಹಿಸುವುದು, ಅಡ್ಡಿಯಿಲ್ಲದಿದ್ದರೆ, ಶಸ್ತ್ರಕ್ರಿಯೆಯ ಸೌಕರ್ಯವಿರುವೆಡೆ, ಹೊರಗಿನಿಂದ ಶಿಶುವನ್ನು ತಿರುಗಿಸಲು ವೈದ್ಯರು ಯತ್ನಿಸುವುದು. ಇದು ಸುಮಾರು ಅರ್ಧದಷ್ಟು ಸಫಲವಾಗುವುದು. ತಿರುಗದಿದ್ದರೆ, ನುರಿತ ಕೈ ಇಲ್ಲದೆಡೆ ಶಸ್ತ್ರಕ್ರಿಯೆಯೇ ಸರಿ.

ಆದುದರಿಂದ 2000ದ ಪ್ರಯೋಗವನ್ನು ತಿರಸ್ಕರಿಸಬೇಕಾಗಿಲ್ಲ. ಅದು ಹೇಳಿದುದಕ್ಕಿಂತ ಹೆಚ್ಚನ್ನು ಅದರಿಂದ ಹೇಳಿಸಬಾರದು. ತಾಯಿಗೆ ಎರಡು ಮಾರ್ಗಗಳ ಲಾಭಾಲಾಭಗಳನ್ನೂ ತಿಳಿಸುವುದು ಮತ್ತು ಪ್ರತಿಯೊಂದು ಹೆರಿಗೆ ಆಸ್ಪತ್ರೆಯಲ್ಲೂ ಬ್ರೀಚ್ ಪ್ರಸವದ ಅಭ್ಯಾಸವನ್ನು ಗೊಂಬೆಯ ಮೇಲಾದರೂ ಜೀವಂತವಾಗಿರಿಸುವುದು ಅವಶ್ಯಕ.