ಸಂಘದ ಧ್ವನಿ ಮತ್ತು ಸದಸ್ಯನ ದೂರು

ಕಾರ್ಮಿಕ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಸಂಘಗಳ ಚರಿತ್ರೆಯನ್ನು ಬರೆದು ತೃಪ್ತರಾಗುತ್ತಾರೆ. ಸಂಘದ ನಿರ್ಣಯವೇ ಸದಸ್ಯನ ಅಭಿಪ್ರಾಯವೆಂಬ ಈ ಗ್ರಹಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಮೊದಲು ಕಾನೂನಿನ ಸ್ಥಿತಿಯನ್ನು ನೋಡೋಣ. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯಂತೆ, ಒಬ್ಬನ ದೂರು ಸಂಘದ ಅಥವಾ ಸಹೋದ್ಯೋಗಿಗಳ ಬೆಂಬಲ ದೊರೆತಾಗ ಮಾತ್ರ ಕೈಗಾರಿಕಾ ವಿವಾದವೆನಿಸುತ್ತಿತ್ತು. ಬೆಂಬಲ ದೊರೆತ ಮೇಲೂ ವ್ಯಾಜ್ಯವು ಅವನ ಕೈಯಲ್ಲಿ ಉಳಿಯುತ್ತಿರಲಿಲ್ಲ. ೧೯೬೧ರಲ್ಲಿ ವರದಿಯಾದ ಬಿಹಾರದ ಮೊಕದ್ದಮೆಯೊಂದರಲ್ಲಿ, ಸಂಘದ ಕಾರ್ಯದರ್ಶಿಯ ಬದಲು ಬೇರೆಯವರು ತನ್ನನ್ನು ಪ್ರತಿನಿಧಿಸಲೆಂದು ಕಾರ್ಮಿಕನು ಕೋರಿದಾಗ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ವಿವಾದವನ್ನು ಕೈಗೆತ್ತಿಕೊಂಡ ಸಂಘವೇ ಸಾಮಾನ್ಯವಾಗಿ ಅದನ್ನು ನಡೆಸತಕ್ಕದ್ದೆಂಬುದು ತೀರ್ಪಿನ ಸಾರ. ೧೯೬೫ರಲ್ಲಿ ಸೇರಿಸಿದ ೨ಎ ಕಲಮು ಕೆಲಸ ಕಳೆದುಕೊಂಡವನ ದೂರನ್ನು, ಸಂಘದ ಬೆಂಬಲವಿಲ್ಲದಿದ್ದರೂ, ಕೈಗಾರಿಕಾ ವಿವಾದವೆಂದೇ ಪರಿಗಣಿಸಿತು. ವರ್ಗಾವಣೆ, ಅಮಾನತು, ವೇತನ ಬಡ್ತಿಯ ತಡೆ ಇವುಗಳಿಗೆ ಅದು ಅನ್ವಯಿಸಲಿಲ್ಲ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿಯೂ ಈ ಭೇದವು ಉಳಿದಿದೆ.

ಈ ಭೇದದ ಅರ್ಥವು ಬಸ್ಸಿನ ನೌಕರರ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ೨೦೨೧ರ ಏಪ್ರಿಲ್ ೭ರಿಂದ ಎರಡು ವಾರ ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ಮುಷ್ಕರ ನಡೆಯಿತು. ಆರನೆಯ ವೇತನ ಆಯೋಗದ ವೇತನವು ಮುಖ್ಯ ಬೇಡಿಕೆ. ಮುಷ್ಕರದ ನೇತೃತ್ವ ವಹಿಸಿದ್ದು ಹಳೆಯ ಸಂಘಗಳಲ್ಲ, ಹೊಸದಾಗಿ ರೂಪುಗೊಂಡ ನೌಕರರ ಕೂಟ. ಪ್ರತಿನಿಧಿಗಳಿಗೂ ಸದಸ್ಯರಿಗೂ ನಡುವೆ ಅಂತರ ಬೆಳೆದಿತ್ತೆಂಬುದಕ್ಕೆ ಇದೇ ಸಾಕ್ಷಿ. ಬೇಡಿಕೆಯು ಎಲ್ಲರದಾಗಿತ್ತು, ಆದರೆ ವಜಾ, ಅಮಾನತು, ವರ್ಗಾವಣೆಗಳ ಆಜ್ಞೆಗಳು ಒಬ್ಬೊಬ್ಬರ ಹೆಸರಿಗೇ ಬಂದವು. ವಜಾ ಆದವನಿಗೆ ೨ಎ ಕಲಮಿನ ಆಸರೆಯಿತ್ತು. ವರ್ಗವಾದವನು ಕಾರ್ಮಿಕ ನ್ಯಾಯಾಲಯದ ಬಾಗಿಲನ್ನು ಒಬ್ಬನೇ ತಟ್ಟುವಂತಿರಲಿಲ್ಲ.

ಇಷ್ಟರಿಂದ ಸಂಘಗಳನ್ನು ಹಳಿಯುವುದು ನ್ಯಾಯವಲ್ಲ. ಒಬ್ಬನ ವರ್ಗಾವಣೆ ರದ್ದಾದರೆ ಅವನ ಸ್ಥಳಕ್ಕೆ ಬಂದ ಮತ್ತೊಬ್ಬ ಸದಸ್ಯನು ಹೊರಡಬೇಕಾಗುತ್ತದೆ. ಇಬ್ಬರ ಪರವಾಗಿಯೂ ಒಂದೇ ಸಂಘವು ವಾದಿಸಲಾರದು. ಈ ಮಿತಿಯು ಪ್ರಾತಿನಿಧ್ಯದ ಸ್ವಭಾವದಲ್ಲಿಯೇ ಇದೆ.

ಆದುದರಿಂದ ಯಾದಗಿರಿ, ಶಹಾಪುರ, ಸುರಪುರಗಳ ಕಾರ್ಮಿಕ ಚರಿತ್ರೆಯನ್ನು ಬರೆಯಹೊರಡುವ ನಮ್ಮ ವಿದ್ಯಾರ್ಥಿಗಳು ಸಂಘದ ನಿರ್ಣಯಗಳೊಡನೆ ಡಿಪೋಗಳ ಚಾಲಕ, ನಿರ್ವಾಹಕರ ಬಳಿ ಉಳಿದಿರುವ ಆರೋಪಪತ್ರ, ಸಮಜಾಯಿಷಿ, ವರ್ಗಾವಣೆಯ ಆಜ್ಞೆಗಳನ್ನೂ ಸಂಗ್ರಹಿಸಬೇಕು. ಸಂಘವು ಎತ್ತಿಕೊಳ್ಳದ ದೂರನ್ನು ಚರಿತ್ರಕಾರನೂ ಕೈಬಿಟ್ಟರೆ, ಆ ದೂರು ಇತ್ತೆಂಬುದೇ ಮುಂದಿನವರಿಗೆ ತಿಳಿಯದು.